ಎರಡು ನೀಲಿ ರೆಕ್ಕೆ

ಭಾಗ 1

ಮೊದಲ ಫೋಟೋ ನೋಡ್ರಿ. ಬಳ್ಳಾರಿ ಮೀನು ಮಾರ್ಕೆಟ್, ಭಾನುವಾರ ಬೆಳಗ್ಗೆ. ಐಸ್ ಮೇಲೆ ಮಲಗಿರೋವು ಕಾಟ್ಲಾ, ರೋಹು, ಆ ಮೂಲೆಯಲ್ಲಿ ಒಂದಿಷ್ಟು ಜಿಲೇಬಿ. ಮಾರೋ ಅಕ್ಕನ್ನ ಕೇಳಿದೆ: "ಅಕ್ಕ, ಮಹಶೀರ್ ಬರುತ್ತಾ ಇಲ್ಲಿ?"

"ಯಾವ ಶೀರಪ್ಪ? ಅಂಥದ್ದು ಯಾವುದೂ ಇಲ್ಲ. ಕಾಟ್ಲಾ ಫ್ರೆಶ್ ಐತೆ, ತಗೊಂಡು ಹೋಗು."

ಅರ್ಧ ಕೇಜಿ ತಗೊಂಡು ಬಂದೆ. ಆದ್ರೆ ಪ್ರಶ್ನೆ ತಲೆಯಲ್ಲೇ ಉಳೀತು.

ಕೇಳಿದ್ದು ಯಾಕೆ ಅಂದ್ರೆ, ಹೋದ ವಾರ ನಮ್ಮ ಕ್ಲಾಸ್ ಗ್ರೂಪಲ್ಲಿ ಯಾರೋ ಟೋಕಿಯೋದ ಹರಾಜಿನ ರೀಲ್ ಹಾಕಿದ್ದರು. 2019ರ ಜನವರಿ, ತೊಯೊಸು ಮಾರುಕಟ್ಟೆ. 278 ಕೆ.ಜಿ. ತೂಕದ ಒಂದು ಬ್ಲೂಫಿನ್ ಟ್ಯೂನಾ 33.36 ಕೋಟಿ ಯೆನ್‌ಗೆ ಹೋಯಿತು. ಅಂದಿನ ಲೆಕ್ಕದಲ್ಲಿ ಸುಮಾರು 21 ಕೋಟಿ ರೂಪಾಯಿ. ಒಂದೇ ಒಂದು ಮೀನು! ಕೆಳಗೆ ಒಬ್ಬ ಕಮೆಂಟ್ ಮಾಡಿದ್ದ: "ನಮಗೇನಪ್ಪ ಸಂಬಂಧ, ಬಳ್ಳಾರಿಗೆ ಸಮುದ್ರನೇ ಇಲ್ಲ."

ಸಮುದ್ರ ಇಲ್ಲ, ನಿಜ. ಆದ್ರೆ ಪಾರ್ವತಿನಗರದ ನಮ್ಮ ಮನೆ ನಲ್ಲಿಯಲ್ಲಿ ಬರೋದು ತುಂಗಭದ್ರೆಯ ನೀರು. ಕಾಲುವೆಯಲ್ಲಿ ಹರಿದು, ಅಲ್ಲೀಪುರ ಕೆರೆಯಲ್ಲಿ ನಿಂತು, ಆಮೇಲೆ ನಮ್ಮ ಬಕೆಟ್‌ಗೆ. ಆ ಹೊಳೆಯಲ್ಲೂ ಒಂದು ದೊಡ್ಡ ಮೀನಿನ ಜಾತಿ ಇದೆ. ಇಂಗ್ಲಿಷ್‌ನವರು ಅದಕ್ಕೂ ನೀಲಿ ರೆಕ್ಕೆಯ ಹೆಸರನ್ನೇ ಇಟ್ಟಿದ್ದಾರೆ: ಬ್ಲೂ ಫಿನ್ಡ್ ಮಹಶೀರ್. ಸಮುದ್ರದ ನೀಲಿ ರೆಕ್ಕೆಯ ಕತೆ ಇಡೀ ಜಗತ್ತಿಗೆ ಗೊತ್ತು. ಹೊಳೆಯ ನೀಲಿ ರೆಕ್ಕೆ ನಮ್ಮ ಮಾರ್ಕೆಟಿನ ಅಕ್ಕನಿಗೇ ಗೊತ್ತಿಲ್ಲ.

ಈ ಸರಣಿ ಆ ಎರಡು ಮೀನುಗಳ ಬಗ್ಗೆ. ಉದ್ದ ಐತೆ, ಸೇವ್ ಮಾಡಿಟ್ಟುಕೊಂಡು ನಿಧಾನಕ್ಕೆ ಓದ್ರಿ.

ಭಾಗ 2

ಮೊದಲು ಸಮುದ್ರದ್ದು.

ಬ್ಲೂಫಿನ್ ಅಂದ್ರೆ ಒಂದೇ ಜಾತಿ ಅಲ್ಲ, ಮೂರು: ಅಟ್ಲಾಂಟಿಕ್, ಪೆಸಿಫಿಕ್, ದಕ್ಷಿಣದ ಬ್ಲೂಫಿನ್. ಮೂರನೆಯದು ಮೊಟ್ಟೆ ಇಡೋದು ಜಾವಾ ದ್ವೀಪದ ದಕ್ಷಿಣಕ್ಕೆ, ನಮ್ಮ ಹಿಂದೂ ಮಹಾಸಾಗರದಲ್ಲೇ. ನಮ್ಮ ಕರಾವಳಿಯ ಬಲೆಗೆ ಬೀಳೋದು ಇವಲ್ಲ, ಇವುಗಳ ಚಿಕ್ಕ ದಾಯಾದಿಗಳು. ಮಂಗಳೂರು, ಮಲ್ಪೆ ಕಡೆ ಅವಕ್ಕೆ ಕೇದರ್ ಅಂತಾರೆ.

ಅಟ್ಲಾಂಟಿಕ್ ಬ್ಲೂಫಿನ್ ಮೂರು ಮೀಟರ್ ಉದ್ದ ಬೆಳೆಯಬಹುದು. ಗಾಳಕ್ಕೆ ಸಿಕ್ಕ ದಾಖಲೆಯ ಮೀನು 1979ರದ್ದು, ಕೆನಡಾದ ನೋವಾ ಸ್ಕೋಶಿಯಾ ಕರಾವಳಿಯದ್ದು, 679 ಕೆ.ಜಿ. ನಮ್ಮ ಕಡೆಯ ಒಳ್ಳೆ ಎಮ್ಮೆಗಿಂತ ಭಾರ. ಆಯಸ್ಸು ನಲವತ್ತು ವರ್ಷದವರೆಗೆ ಹೋಗುತ್ತೆ.

ಆದ್ರೆ ಗಾತ್ರಕ್ಕಿಂತ ದೊಡ್ಡ ವಿಷಯ ಅದರ ರಕ್ತ. ಮೀನು ತಣ್ಣನೆ ರಕ್ತದ ಪ್ರಾಣಿ ಅಂತ ಹೈಸ್ಕೂಲಲ್ಲಿ ಬರೆದು ಮಾರ್ಕ್ಸ್ ತಗೊಂಡಿದೀವಿ ಅಲ್ವಾ? ಬ್ಲೂಫಿನ್ ಆ ಉತ್ತರಕ್ಕೆ ಒಪ್ಪಲ್ಲ. ಸ್ನಾಯುಗಳಿಂದ ವಾಪಸ್ ಹೋಗೋ ಬಿಸಿ ರಕ್ತ, ಕಿವಿರಿನಿಂದ ಬರೋ ತಣ್ಣನೆ ರಕ್ತ, ಎರಡೂ ಸಣ್ಣ ಸಣ್ಣ ನಾಳಗಳಲ್ಲಿ ಪಕ್ಕಪಕ್ಕದಲ್ಲೇ ಎದುರುಬದುರು ಹರೀತಾವೆ. ಬಿಸಿ ಅಲ್ಲೇ ದಾಟಿಕೊಂಡು ಮೈಯೊಳಗೇ ಉಳಿಯುತ್ತೆ. ಹಾಗಾಗಿ ಕೊರೆಯೋ ನೀರಲ್ಲೂ ಅದರ ಸ್ನಾಯು ಬೆಚ್ಚಗಿರುತ್ತೆ, ವೇಗ ಕಮ್ಮಿ ಆಗಲ್ಲ. ಇನ್ನೊಂದು: ಅದು ನಿಲ್ಲೋ ಹಾಗೇ ಇಲ್ಲ. ಬಾಯಿ ತೆರೆದು ಮುಂದಕ್ಕೆ ಈಜುತ್ತಿದ್ದರೆ ಮಾತ್ರ ಕಿವಿರಿಗೆ ಬೇಕಾದಷ್ಟು ನೀರು. ನಿಂತರೆ ಉಸಿರು ಕಟ್ಟುತ್ತೆ. ಹುಟ್ಟಿದಾಗಿನಿಂದ ಸಾಯೋವರೆಗೆ ಈಜು.

ಇಡೀ ಅಟ್ಲಾಂಟಿಕ್ ಸಾಗರವನ್ನು ಎರಡು ತಿಂಗಳೊಳಗೆ ದಾಟಬಲ್ಲ ಮೀನು, ಮೊಟ್ಟೆ ಇಡೋಕೆ ಮಾತ್ರ ಗೊತ್ತಿರೋ ಜಾಗಕ್ಕೇ ಬರುತ್ತೆ. ಮುಖ್ಯವಾಗಿ ಒಂದು ಗುಂಪು ಮೆಡಿಟರೇನಿಯನ್‌ಗೆ, ಇನ್ನೊಂದು ಮೆಕ್ಸಿಕೋ ಕೊಲ್ಲಿಗೆ. ಒಂದು ದೊಡ್ಡ ಹೆಣ್ಣು ಕೋಟಿಗಟ್ಟಲೆ ಮೊಟ್ಟೆ ಇಡಬಹುದು. ಮೆಡಿಟರೇನಿಯನ್‌ದು ಪ್ರಾಯಕ್ಕೆ ಬರೋಕೆ ಸುಮಾರು ನಾಲ್ಕು ವರ್ಷ, ಮೆಕ್ಸಿಕೋ ಕೊಲ್ಲಿಯದಕ್ಕೆ ಅದಕ್ಕಿಂತ ಎಷ್ಟೋ ಹೆಚ್ಚು.

ಅಂದ್ರೆ ಅದರ ದೌರ್ಬಲ್ಯ ಗೊತ್ತಾಯ್ತಲ್ಲ? ಎಲ್ಲಿಗೆ ಬರುತ್ತೆ, ಯಾವಾಗ ಬರುತ್ತೆ ಅಂತ ಎಲ್ಲರಿಗೂ ಗೊತ್ತು.

ಭಾಗ 3

ಹೀಗೆ ಗೊತ್ತಾಗಿದ್ದು ನಿನ್ನೆ ಮೊನ್ನೆ ಅಲ್ಲ. ಸ್ಪೇನ್‌ನ ಕಾದಿಸ್ ಅನ್ನೋ ಊರಲ್ಲಿ ಫಿನೀಷಿಯನ್ನರು ಟ್ಯೂನಾ ಚಿತ್ರವನ್ನು ನಾಣ್ಯದ ಮೇಲೇ ಹಾಕಿದ್ದರು. ನಮ್ಮ ವಿಜಯನಗರದ ನಾಣ್ಯದಲ್ಲಿ ಗಂಡಭೇರುಂಡ ಇದ್ದ ಹಾಗೆ, ಅವರದ್ದರಲ್ಲಿ ಮೀನು. ದಡದಿಂದ ಬಲೆಯ ಗೋಡೆ ಕಟ್ಟಿ ವಲಸೆ ಮೀನು ಹಿಡಿಯೋ ಪದ್ಧತಿ ಅಲ್ಲಿ ಇವತ್ತಿಗೂ ನಡೀತಾ ಇದೆ. ಎರಡು ಸಾವಿರ ವರ್ಷ ಹಿಡಿದರೂ ಮೀನು ಮುಗಿಯಲಿಲ್ಲ.

ಮುಗಿಸೋಕೆ ಹೊರಟಿದ್ದು ಒಂದು ಖಾಲಿ ವಿಮಾನ. ತಮಾಷೆ ಅಲ್ಲ, ಕೇಳ್ರಿ.

1970ರವರೆಗೂ ಅಮೆರಿಕ, ಕೆನಡಾದಲ್ಲಿ ದೊಡ್ಡ ಬ್ಲೂಫಿನ್‌ಗೆ ಬೆಲೆಯೇ ಇರಲಿಲ್ಲ. ಮೋಜಿಗೆ ಗಾಳ ಹಾಕೋರು ಹಿಡಿದು, ಪಕ್ಕದಲ್ಲಿ ನಿಂತು ಫೋಟೋ ತೆಗೆಸಿಕೊಂಡು, ಹೂಳುತ್ತಿದ್ದರು, ಇಲ್ಲ ಬೆಕ್ಕಿನ ಆಹಾರ ಮಾಡೋರಿಗೆ ಚಿಲ್ಲರೆ ಕಾಸಿಗೆ ಕೊಡುತ್ತಿದ್ದರು. ಜಪಾನಿನಲ್ಲೂ ಅದರ ಹೊಟ್ಟೆಯ ಕೊಬ್ಬಿನ ಭಾಗವನ್ನು ಒಂದು ಕಾಲಕ್ಕೆ ಕೀಳಾಗಿ ನೋಡುತ್ತಿದ್ದರು. ಇವತ್ತು ಅದೇ ಅತಿ ದುಬಾರಿ ತುಂಡು. ಆ ಹೊತ್ತಿಗೆ ಜಪಾನಿನ ಸರಕು ವಿಮಾನಗಳು ಸಾಮಾನು ತುಂಬಿಕೊಂಡು ಅಮೆರಿಕ ಖಂಡಕ್ಕೆ ಹೋಗಿ ವಾಪಸ್ ಖಾಲಿ ಬರುತ್ತಿದ್ದವು. ವಾಪಸ್ ಬರುವಾಗ ಏನು ತುಂಬೋದು ಅಂತ ಜಪಾನ್ ಏರ್‌ಲೈನ್ಸ್‌ನವರು ಹುಡುಕಿ, 1972ರಲ್ಲಿ ಕೆನಡಾದ ಬ್ಲೂಫಿನ್ ಅನ್ನು ಐಸ್‌ನಲ್ಲಿಟ್ಟು ಟೋಕಿಯೋ ಹರಾಜಿಗೆ ತಂದರು. ಮುಂದಿನದ್ದು ನಿಮಗೇ ಗೊತ್ತು.

1990ರ ದಶಕದಲ್ಲಿ ಮೆಡಿಟರೇನಿಯನ್‌ನಲ್ಲಿ ಇನ್ನೊಂದು ದಂಧೆ ಶುರುವಾಯ್ತು. ವಿಮಾನದಲ್ಲಿ ಹಾರಿ ಹಿಂಡು ಹುಡುಕೋದು, ಪರ್ಸ್‌ಸೀನ್ ಬಲೆಯಿಂದ ಸುತ್ತುವರೆಯೋದು, ಜೀವಂತ ಎಳೆದುಕೊಂಡು ಹೋಗಿ ಪಂಜರದಲ್ಲಿ ಕೊಬ್ಬಿಸೋದು. (ಇದೇ ಥರದ ಬಲೆ 1970ರ ದಶಕದ ಮಧ್ಯದಲ್ಲಿ ನಮ್ಮ ಕರಾವಳಿಗೂ ಬಂತು. ದಡದಲ್ಲಿ ನಿಂತು ಹತ್ತಾರು ಜನ ಎಳೆಯುತ್ತಿದ್ದ ರಂಪಣಿ ಬಲೆ ಕೆಲವೇ ವರ್ಷಗಳಲ್ಲಿ ಮೂಲೆ ಸೇರಿತು. ಅದು ಬಂಗುಡೆ, ಬೂತಾಯಿಯ ಕತೆ, ಮಂಗಳೂರಿನ ಗೆಳೆಯರು ಬರೀಲಿ.)

2007ರಲ್ಲಿ ಅಟ್ಲಾಂಟಿಕ್‌ನ ಪೂರ್ವ ಭಾಗ ಮತ್ತು ಮೆಡಿಟರೇನಿಯನ್‌ಗೆ ಕೊಟ್ಟಿದ್ದ ಕೋಟಾ 29,500 ಟನ್. ವಿಜ್ಞಾನಿಗಳು 15,000 ದಾಟಬೇಡಿ ಅಂದಿದ್ದರು. ನಿಜವಾಗಿ ಹಿಡಿದದ್ದು 61,000 ಟನ್ ಇರಬಹುದು ಅನ್ನೋದು ಅವರದ್ದೇ ಅಂದಾಜು. ಕಾಗದದ ಮೇಲೆ ಒಂದು, ದೋಣಿಯಲ್ಲಿ ಇನ್ನೊಂದು. ಗಣಿ ಲಾರಿಗಳ ಪರ್ಮಿಟ್ ಕತೆ ಕೇಳಿ ಬೆಳೆದ ಬಳ್ಳಾರಿಯವರಿಗೆ ಇದನ್ನ ಬಿಡಿಸಿ ಹೇಳಬೇಕಾ?

ಭಾಗ 4

2010ರ ಮಾರ್ಚ್. ಕತಾರ್‌ನ ದೋಹಾದಲ್ಲಿ ಅಳಿವಿನಂಚಿನ ಜೀವಿಗಳ ವ್ಯಾಪಾರದ ಬಗ್ಗೆ ದೇಶಗಳ ಸಭೆ. ಅಟ್ಲಾಂಟಿಕ್ ಬ್ಲೂಫಿನ್‌ನ ಅಂತರರಾಷ್ಟ್ರೀಯ ಮಾರಾಟ ನಿಲ್ಲಿಸಬೇಕು ಅಂತ ಪುಟಾಣಿ ಮೊನಾಕೊ ದೇಶ ಪ್ರಸ್ತಾಪ ತಂತು. ಪರ 20, ವಿರೋಧ 68, ತಟಸ್ಥ 30. ಬಿದ್ದುಹೋಯ್ತು. ಮತದಾನದ ಹಿಂದಿನ ಸಂಜೆ ಜಪಾನ್ ರಾಯಭಾರ ಕಚೇರಿಯ ಔತಣದಲ್ಲಿ ಬ್ಲೂಫಿನ್ ಸುಶಿಯನ್ನೇ ಬಡಿಸಿದ್ದರು ಅಂತ ಆಗ ಪತ್ರಿಕೆಗಳಲ್ಲಿ ಬಂದಿತ್ತು.

ಆದ್ರೆ ಸೋತ ಮತವೂ ಒಂದು ಕೆಲಸ ಮಾಡ್ತು. ಪೂರ್ತಿ ನಿಷೇಧ ಬಂದೀತು ಅನ್ನೋ ಹೆದರಿಕೆಗೆ ಕೋಟಾ ಇಳೀತು. 2011ಕ್ಕೆ 12,900 ಟನ್. 30 ಕೆ.ಜಿ.ಗಿಂತ ಚಿಕ್ಕ ಮೀನು ಹಿಡಿಯಬಾರದು ಅನ್ನೋ ನಿಯಮ ಗಟ್ಟಿಯಾಯ್ತು, ಬಹುಪಾಲು ದೋಣಿಗಳಿಗೆ ಅದು ಅನ್ವಯ. ಹಿಡಿದ ಮೀನಿಗೆ ಕಾಗದಪತ್ರ, ದೋಣಿಯ ಮೇಲೆ ವೀಕ್ಷಕರು. ಮೀನು ವಾಪಸ್ ಬಂತು! 2021ರ ಸೆಪ್ಟೆಂಬರ್‌ನಲ್ಲಿ ಐಯುಸಿಎನ್ ಕೆಂಪು ಪಟ್ಟಿಯಲ್ಲಿ ಅಟ್ಲಾಂಟಿಕ್ ಬ್ಲೂಫಿನ್ ಅನ್ನು 'ಅಳಿವಿನಂಚಿನ' ಸಾಲಿನಿಂದ ತೆಗೆದು 'ಕಡಿಮೆ ಆತಂಕ'ದ ಸಾಲಿಗೆ ಹಾಕಿದರು. ದಕ್ಷಿಣದ ಬ್ಲೂಫಿನ್ ಇನ್ನೂ ಅಳಿವಿನಂಚಿನಲ್ಲೇ ಇದೆ, ಮೊದಲಿಗಿಂತ ಒಂದು ಮೆಟ್ಟಿಲು ಮೇಲೆ. ಪಶ್ಚಿಮ ಅಟ್ಲಾಂಟಿಕ್‌ನ ಗುಂಪು ಇನ್ನೂ ಹಳೆಯ ಸಂಖ್ಯೆಗೆ ತುಂಬಾ ಕೆಳಗೇ ಇದೆ.

ಇದನ್ನ ಹೇಳೋಕೆ ಸಾಧ್ಯ ಆಗಿದ್ದು ಹೇಗೆ? ಎಣಿಸಿದ್ದರಿಂದ. ದರೋಡೆ ಮಾಡುವಾಗಲೂ ಒಂದಿಷ್ಟು ಜನ ಕೂತು ಎಣಿಸುತ್ತಲೇ ಇದ್ದರು. 29,500 ಎಲ್ಲಿ, 61,000 ಎಲ್ಲಿ ಅಂತ ಹೇಳೋಕೆ ಯಾರೋ ಲೆಕ್ಕ ಇಟ್ಟಿರಬೇಕಲ್ಲ.

ಈಗ ಹೊಳೆಗೆ ಬರೋಣ.

ಭಾಗ 5

ಕುರುಗೋಡಿನವರು ಯಾರಿದೀರಿ? ಇದು ನಿಮಗೆ.

ದೊಡ್ಡಬಸವೇಶ್ವರನ ಊರು ಅಂತ ಎಲ್ಲರಿಗೂ ಗೊತ್ತು. 12ನೇ ಶತಮಾನದಲ್ಲಿ ಅಲ್ಲಿ ಆಳಿದ ಸಿಂದರು ಕಲ್ಯಾಣ ಚಾಲುಕ್ಯರ ಸಾಮಂತರು. ಆ ಚಾಲುಕ್ಯರಲ್ಲಿ ಒಬ್ಬ ರಾಜ ಮೂರನೇ ಸೋಮೇಶ್ವರ, ಆಳಿದ್ದು 1126ರಿಂದ 1138. ಅವನು ಸಂಸ್ಕೃತದಲ್ಲಿ ಬರೆದ 'ಮಾನಸೋಲ್ಲಾಸ'ದಲ್ಲಿ ಆನೆ, ಅಡುಗೆ, ಸಂಗೀತ ಎಲ್ಲ ಇದೆ. ನಮ್ಮ ಇಡ್ಲಿಯ ಅಜ್ಜಿಯಂಥ ತಿಂಡಿಯೂ ಅದರಲ್ಲಿದೆ ಅಂತ ರೀಲ್ಸಲ್ಲಿ ನೋಡಿರ್ತೀರಿ. ರೀಲ್ಸಲ್ಲಿ ಬಾರದ ಅಧ್ಯಾಯ 'ಮತ್ಸ್ಯವಿನೋದ': ಗಾಳ ಹಾಕಿ ಮೀನು ಹಿಡಿಯೋ ಆಟ. ಹೊಳೆ ಮೀನು ಯಾವುವು, ಸಮುದ್ರದವು ಯಾವುವು, ಪೊರೆ ಇರೋದು, ಇಲ್ಲದ್ದು, ಯಾವುದಕ್ಕೆ ಯಾವ ತಿಂಡಿ ಹಾಕಿ ಪಳಗಿಸಬೇಕು, ದಾರ ಹೇಗಿರಬೇಕು, ಎಲ್ಲ. 1951ರಲ್ಲಿ ಭಾರತೀಯ ಪ್ರಾಣಿ ಸರ್ವೇಕ್ಷಣಾಲಯದ ಮೀನು ವಿಜ್ಞಾನಿ ಸುಂದರ್‌ಲಾಲ್ ಹೋರಾ ಈ ಅಧ್ಯಾಯ ಹಿಡಿದುಕೊಂಡು ಒಂದು ಲೇಖನವನ್ನೇ ಬರೆದರು. ಒಂಬೈನೂರು ವರ್ಷದ ಹಿಂದೆ ಕನ್ನಡ ನಾಡಿನ ಒಬ್ಬ ರಾಜ ಮೀನುಗಳ ಪಟ್ಟಿ ಮಾಡಿದ್ದ, ಅಷ್ಟು ನೆನಪಿಟ್ಟುಕೊಳ್ರಿ.

ಅಲ್ಲಿಂದ ದೊಡ್ಡ ಜಿಗಿತ. 1839. ಬಾಂಬೆ ಪ್ರೆಸಿಡೆನ್ಸಿಯಲ್ಲಿ ಅಂಕಿಅಂಶ ಸಂಗ್ರಹಿಸೋ ಕೆಲಸದಲ್ಲಿದ್ದ ಸೇನಾಧಿಕಾರಿ ವಿಲಿಯಂ ಹೆನ್ರಿ ಸೈಕ್ಸ್, ದಖ್ಖನ್ನಿನ ಮೀನುಗಳ ಬಗ್ಗೆ ಬರೆದ. ಪುಣೆಯ ಮುಳಾ-ಮುಠಾ ಹೊಳೆಯ ಒಂದು ಮೀನಿಗೆ ಅಲ್ಲಿಯ ಜನ ಕರೆಯೋ ಹೆಸರನ್ನೇ ಸೇರಿಸಿ ವೈಜ್ಞಾನಿಕ ಹೆಸರು ಕೊಟ್ಟ: ಖುದ್ರೀ. ಇವತ್ತು ಅದು 'ಟಾರ್ ಖುದ್ರೀ', ನಮ್ಮ ನೀಲಿ ರೆಕ್ಕೆಯ ಮಹಶೀರ್. ಪುಣೆಯ ಮೀನು ನಮ್ಮದು ಹೇಗೆ ಅಂದ್ರಾ? ಮುಳಾ-ಮುಠಾ ಭೀಮೆಗೆ, ಭೀಮೆ ಕೃಷ್ಣೆಗೆ, ತುಂಗಭದ್ರೆಯೂ ಕೃಷ್ಣೆಗೇ. ಒಂದೇ ಮನೆತನದ ಹೊಳೆಗಳು.

ಕನ್ನಡದಲ್ಲಿ ಮಹಶೀರ್‌ಗಳಿಗೆ ಬಿಳಿ ಮೀನು ಅಂತಲೂ, ದೇವಸ್ಥಾನದ ಹತ್ತಿರ ಇದ್ದರೆ ದೇವರ ಮೀನು ಅಂತಲೂ ಹೆಸರಿದೆ. ಗಂಡೆ ಮೀನಿನ ಕುಟುಂಬವೇ, ಆದ್ರೆ ಪೈಲ್ವಾನ್. ಅಂಗೈ ಹತ್ತಿರದ ದೊಡ್ಡ ಪೊರೆ, ದಪ್ಪ ತುಟಿ. ದವಡೆಯಲ್ಲಿ ಹಲ್ಲಿಲ್ಲ, ಗಂಟಲಲ್ಲಿದೆ. ಹೊಳೆಗೆ ಬಿದ್ದ ಹಣ್ಣು, ಹುಳ, ಬಸವನಹುಳು, ಮರಿ ಮೀನು ಏನನ್ನಾದರೂ ಅಲ್ಲೇ ಅರೆದು ನುಂಗುತ್ತೆ. ಮಳೆಗಾಲದಲ್ಲಿ ಹೊಳೆ ಏರಿದಾಗ ಪ್ರವಾಹದ ಎದುರಿಗೆ ಮೇಲಕ್ಕೆ ಈಜಿ, ಕಲ್ಲು ಜಲ್ಲಿ ಇರೋ ಶುದ್ಧ ನೀರಲ್ಲಿ ಮೊಟ್ಟೆ ಇಡುತ್ತೆ. ಟ್ಯೂನಾದ ಹಾಗೆ ಕೋಟಿಗಟ್ಟಲೆ ಅಲ್ಲ, ಸಾವಿರಗಳ ಲೆಕ್ಕ.

ಮತ್ತೆ ಅದೇ ದೌರ್ಬಲ್ಯ. ಎಲ್ಲಿಗೆ, ಯಾವಾಗ ಹೋಗುತ್ತೆ ಅಂತ ಎಲ್ಲರಿಗೂ ಗೊತ್ತು. ಮಧ್ಯೆ ಒಂದು ಗೋಡೆ ಕಟ್ಟಿದರೆ ಅಲ್ಲಿಗೆ ದಾರಿ ಮುಗೀತು.

ಭಾಗ 6

ಈ ಭಾಗ ಚಿಕ್ಕದು.

1873ರಲ್ಲಿ ದಕ್ಷಿಣ ಕನ್ನಡದ ಕಲೆಕ್ಟರ್ ಆಗಿದ್ದ ಹೆನ್ರಿ ಸಲಿವಾನ್ ಥಾಮಸ್ ಬರೆದ 'ದಿ ರಾಡ್ ಇನ್ ಇಂಡಿಯಾ' ಮಂಗಳೂರಲ್ಲೇ ಅಚ್ಚಾಯ್ತು. ಮಹಶೀರ್ ಹಿಡಿಯೋ ಹುಚ್ಚು ಬ್ರಿಟಿಷರಿಗೆ ಹತ್ತಿಸಿದ ಪುಸ್ತಕ. ಅದೇ ವರ್ಷ ಫ್ರಾನ್ಸಿಸ್ ಡೇ ಅನ್ನೋ ಅಧಿಕಾರಿ ದೇಶದ ಸಿಹಿನೀರಿನ ಮೀನುಗಳ ಬಗ್ಗೆ ದೊಡ್ಡ ವರದಿ ಕೊಟ್ಟ. ಜಿಲ್ಲೆ ತಾಲ್ಲೂಕಿನ ಅಧಿಕಾರಿಗಳಿಗೆ ಪ್ರಶ್ನೆ ಕಳಿಸಿ ಉತ್ತರ ತರಿಸಿದ್ದ. ಸಣ್ಣ ಕಣ್ಣಿನ ಬಲೆಗೆ ಮರಿಗಳು ಸಾಯೋದು, ಅಣೆಕಟ್ಟುಗಳ ಬುಡದಲ್ಲಿ ಮೀನು ತಡೆದು ನಿಲ್ಲೋದು, ಎರಡನ್ನೂ ಆಗಲೇ ಬರೆದಿದ್ದ. 1897ರಲ್ಲಿ ಭಾರತೀಯ ಮೀನುಗಾರಿಕೆ ಕಾಯ್ದೆ ಬಂತು. ಡೈನಮೈಟ್ ಸಿಡಿಸಿ, ವಿಷ ಹಾಕಿ ಮೀನು ಹಿಡಿಯೋದು ಅಪರಾಧ.

ನೂರಿಪ್ಪತ್ತೈದು ವರ್ಷ ಮೀರಿದ ಕಾನೂನು. ಹೊಳೆಯಲ್ಲಿ ತೋಟೆ ಸಿಡಿಸೋದು ನಿಂತಿದೆಯಾ ಅಂತ ಹೊಳೆ ದಂಡೆಯ ಊರಿನವರೇ ಹೇಳ್ರಿ.

ಭಾಗ 7

ಫೋಟೋ: ಟಿ.ಬಿ. ಡ್ಯಾಂ, ಗೇಟ್‌ಗಳು. 2024ರ ಆಗಸ್ಟ್ 10ರ ರಾತ್ರಿ 19ನೇ ಗೇಟ್ ಕೊಚ್ಚಿಹೋದಾಗ ನಾವೆಲ್ಲ ಫೋನ್ ಹಿಡಿದು ಎಚ್ಚರ ಇದ್ದೆವಲ್ಲ, ಅದೇ 33 ಗೇಟ್‌ಗಳ ಸಾಲು.

ಡ್ಯಾಂಗಿಂತ ಮುಂಚೆ ಹೊಳೆಗೆ ಕಟ್ಟೆ ಇರಲಿಲ್ಲ ಅಂತಲ್ಲ. ವಿಜಯನಗರದ ಕಾಲದ ಅಣೆಗಳು ಇದ್ದವು. ಕಂಪ್ಲಿ, ಸಿರುಗುಪ್ಪ ಕಡೆಯ ಹಳೇ ಕಾಲುವೆಗಳು ಅವುಗಳಿಂದಲೇ ಹೊರಟಿದ್ದು, ಇವತ್ತಿಗೂ ಗದ್ದೆಗೆ ನೀರು ಕೊಡ್ತಾವೆ. ಆದ್ರೆ ಅವು ತಗ್ಗಿನ ಅಣೆಗಳು. ಮಳೆಗಾಲದಲ್ಲಿ ಹೊಳೆ ಅವುಗಳ ತಲೆ ಮೇಲೆ ಹರಿದು ಹೋಗುತ್ತೆ. ಮೀನಿಗೂ ಆ ಹೊತ್ತಲ್ಲೇ ದಾಟಬೇಕು.

1945ರ ಫೆಬ್ರವರಿ 28ರಂದು ಹೊಸ ಡ್ಯಾಂಗೆ ಶಂಕುಸ್ಥಾಪನೆ ಆಯ್ತು, ಎರಡು ದಡದಲ್ಲೂ. ಒಂದು ದಡ ಮದ್ರಾಸ್ ಸರ್ಕಾರದ್ದು, ಇನ್ನೊಂದು ಹೈದರಾಬಾದ್ ನಿಜಾಮರದ್ದು. 1953ರಲ್ಲಿ ನೀರು ನಿಂತಿತು. ಅದೇ ವರ್ಷ ಅಕ್ಟೋಬರ್ 1ಕ್ಕೆ ನಮ್ಮ ಬಳ್ಳಾರಿ ಮದ್ರಾಸ್ ಬಿಟ್ಟು ಮೈಸೂರು ರಾಜ್ಯ ಸೇರ್ತು. ಕೆಲವೇ ವರ್ಷದಲ್ಲಿ ನಿಜಾಮರ ರಾಜ್ಯವೂ ಹಂಚಿಹೋಯ್ತು.

ನಡುವೆ ಒಂದು ಕೆಲಸ ಆಗಿತ್ತು. 1948ರಲ್ಲಿ ಚಾಕೊ ಮತ್ತು ಕುರಿಯನ್ ಅನ್ನೋ ಇಬ್ಬರು ವಿಜ್ಞಾನಿಗಳು ತುಂಗಭದ್ರಾ ಹೊಳೆಯ ಮೀನುಗಾರಿಕೆಯ ಸಮೀಕ್ಷೆ ಪ್ರಕಟಿಸಿದರು. ಗೋಡೆ ಏಳುತ್ತಿದ್ದಾಗಲೇ ಯಾರೋ ಹೊಳೆಯಲ್ಲಿ ಏನಿದೆ ಅಂತ ನೋಡಿ ಬರೆದಿಟ್ಟರು ಅನ್ನೋದೇ ನನಗೆ ದೊಡ್ಡ ಸಮಾಧಾನ. ಆಮೇಲೆ ಏನಾಯ್ತು? ಊರಿನ ಜಿಲ್ಲೆ ಬದಲಾಯ್ತು, ರಾಜ್ಯ ಬದಲಾಯ್ತು, ಕಚೇರಿ ಬದಲಾಯ್ತು. ನೀರಿನ ಲೆಕ್ಕ ಮಾತ್ರ ಒಂದು ಹನಿ ತಪ್ಪದೆ ಮುಂದುವರೀತು. 133 ಟಿಎಂಸಿ ಇತ್ತು, ಹೂಳು ತುಂಬಿ ನೂರರ ಆಸುಪಾಸಿಗೆ ಬಂತು ಅಂತ ನಮ್ಮೂರಿನ ಐದನೇ ಕ್ಲಾಸ್ ಹುಡುಗನೂ ಹೇಳ್ತಾನೆ. ಹೊಳೆ ಮೀನಿನ ಲೆಕ್ಕ ಹಾಗೆ ಬಾಯಲ್ಲಿ ಹೇಳೋರು ನನಗೆ ಒಬ್ಬರೂ ಸಿಗಲಿಲ್ಲ.

ನಾನು ಡ್ಯಾಂ ವಿರೋಧಿ ಅಲ್ಲ. ನಮ್ಮಜ್ಜಿ ತವರು ಸಿರುಗುಪ್ಪದ ಹತ್ತಿರ. ಕಾಲುವೆ ಬಂದಿದ್ದಕ್ಕೆ ಎರಡು ಹೊತ್ತು ಅನ್ನ ಕಂಡೆವು ಅಂತಾಳೆ. ಅದು ಸುಳ್ಳಲ್ಲ. ನಾನೂ ಅದೇ ಭತ್ತದ ಅನ್ನ, ಅದೇ ನೀರು.

ಆದ್ರೆ ಜಲಾಶಯ ಅಂದ್ರೆ ಹೊಳೆ ಅಲ್ಲ. ನಿಂತ ನೀರು, ಕೆಸರಿನ ತಳ. ಅದಕ್ಕೆ ಒಗ್ಗೋ ಮೀನು ಬೇರೆ. ಕಾಟ್ಲಾ, ರೋಹು, ಮೃಗಾಲ್ ಉತ್ತರ ಭಾರತದ ದೊಡ್ಡ ಹೊಳೆಗಳ ಗಂಡೆಗಳು. ಅವುಗಳ ಮರಿ ತಂದು ಬಿಟ್ಟರು, ಬೆಳೆದವು, ಡ್ಯಾಂ ಸುತ್ತ ಸಾವಿರಾರು ಕುಟುಂಬಗಳಿಗೆ ಕಸುಬಾಯ್ತು. ಮಾರ್ಕೆಟಿನ ಆ ಅಕ್ಕನ ತಟ್ಟೆಗೂ ಅದೇ ಬಂತು. ಮೇಲೆ ಲಕ್ಕವಳ್ಳಿಯಲ್ಲಿ ಭದ್ರೆಗೆ, ಗಾಜನೂರಲ್ಲಿ ತುಂಗೆಗೆ ಕಟ್ಟೆ. 1980ರ ದಶಕದಲ್ಲಿ ಹರಿಹರದ ಕಡೆ ಕಾರ್ಖಾನೆಯ ನೀರಿಗೆ ಮೀನು ಸತ್ತು ತೇಲಿ, ಎಸ್.ಆರ್. ಹಿರೇಮಠರ ಸಮಾಜ ಪರಿವರ್ತನ ಸಮುದಾಯ ದೊಡ್ಡ ಹೋರಾಟವನ್ನೇ ನಡೆಸಿತು. ಒಂದು ಹೊಳೆ, ತುಂಡು ತುಂಡು.

ಅಜ್ಜಿಯನ್ನ ಕೇಳಿದೆ: ಕಾಲುವೆ ಬರೋಕೆ ಮುಂಚೆ ನಿಮ್ಮೂರ ಹೊಳೆಯಲ್ಲಿ ಯಾವ ಮೀನು ಇದ್ದವು? ಎರಡೂ ಕೈ ಅಗಲಿಸಿ ತೋರಿಸಿದಳು, ಇಷ್ಟುದ್ದ. "ಹೆಸರು ಏನಜ್ಜಿ?"

"ಹೊಳಿ ಮೀನು ಕಣಪ್ಪ. ಅವಾಗ ಬೇರೆ ಮೀನು ಎಲ್ಲಿದ್ವು, ಹೆಸರು ಇಡಾಕ?"

ಭಾಗ 8

ಈಗ ಕತೆಗೆ ಒಂದು ತಿರುವು. ನೀಲಿ ರೆಕ್ಕೆ ಇಲ್ಲಿ ಬಡಪಾಯಿ ಅಲ್ಲ, ಬೇರೆಯವರ ಮನೆಗೆ ನುಗ್ಗಿದ ಅತಿಥಿ.

ಮಹಾರಾಷ್ಟ್ರದ ಲೋಣಾವಳದಲ್ಲಿ ಟಾಟಾ ವಿದ್ಯುತ್ ಕಂಪನಿಯ ಕೆರೆಗಳಿವೆ. 1970ರ ದಶಕದಲ್ಲಿ ಅಲ್ಲಿ ಟಾರ್ ಖುದ್ರೀಯನ್ನು ಕೃತಕವಾಗಿ ಮರಿ ಮಾಡಿಸೋ ಕೇಂದ್ರ ಶುರುವಾಯ್ತು. ಒಳ್ಳೆ ಉದ್ದೇಶ, ಒಳ್ಳೆ ಕೆಲಸ. ಅಲ್ಲಿನ ಮರಿಗಳು ಬೇರೆ ರಾಜ್ಯಗಳಿಗೆ ಹೋದವು, ನಮ್ಮ ಕಾವೇರಿಗೂ ಬಂದವು.

ಕಾವೇರಿಯಲ್ಲಿ ಆಗಲೇ ಒಬ್ಬ ಯಜಮಾನ ಇದ್ದ. ಕಿತ್ತಳೆ ರೆಕ್ಕೆಯ, ಬೆನ್ನು ಗೂನಿದ ಮಹಶೀರ್. ಪ್ರಪಂಚದ ಅತಿ ದೊಡ್ಡ ಮಹಶೀರ್‌ಗಳಲ್ಲಿ ಒಂದು. 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಕುಟುಂಬದವರೊಬ್ಬರು (ಹುಲಿ ಚಿರತೆಗೆ ಹೊಟ್ಟೆ ತುಂಬಿ ನಿಲ್ಲಿಸುತ್ತಿದ್ದ ಅದೇ ಮನೆತನ) ಕಬಿನಿಯಲ್ಲಿ ಹಿಡಿದದ್ದು 120 ಪೌಂಡ್, ಅಂದ್ರೆ 54 ಕೆ.ಜಿ. ಮೇಲೆ.

ಮುಂದೆ ಭೀಮೇಶ್ವರಿ, ದೊಡ್ಡಮಾಕಳಿ, ಗಾಳಿಬೋರೆಯಲ್ಲಿ ಗಾಳದ ಕ್ಯಾಂಪ್‌ಗಳಾದವು. ಹಿಡಿಯೋದು, ತೂಗೋದು, ವಾಪಸ್ ಬಿಡೋದು. ತೋಟೆ ಹಾಕುತ್ತಿದ್ದ ಊರಿನವರೇ ಎಷ್ಟೋ ಜನ ಅಲ್ಲಿ ಕಾವಲುಗಾರರಾದರು. ಎಲ್ಲಕ್ಕಿಂತ ಮುಖ್ಯ: ಯಾವ ದಿನ, ಎಷ್ಟು ಹೊತ್ತು, ಎಷ್ಟು ಮೀನು, ಯಾವ ಬಣ್ಣದ್ದು ಅಂತ ಪುಸ್ತಕ ಇಟ್ಟರು. ವನ್ಯಜೀವಿ ಕಾಯ್ದೆಯಡಿ ಅಭಯಾರಣ್ಯದೊಳಗೆ ಗಾಳ ಹಾಕೋದು ತಪ್ಪು ಅಂತಾಗಿ 2012ರ ಹೊತ್ತಿಗೆ ಅದು ನಿಂತಿತು. ಮೋಜಿಗೆ ಮೀನಿನ ಬಾಯಿಗೆ ಕೊಕ್ಕೆ ಹಾಕೋದು ಸರಿಯಾ ಅಂತ ನೀವು ಕೇಳಬಹುದು, ನನಗೂ ಕಸಿವಿಸಿ ಇದೆ. ಆದ್ರೆ ಕಾವೇರಿಯ ಆ ಮೀನಿನ ಬಗ್ಗೆ ವರ್ಷ ವರ್ಷದ ಲೆಕ್ಕ ಸಿಕ್ಕಿದ್ದು ಆ ಕೊಕ್ಕೆಯವರ ಪುಸ್ತಕದಲ್ಲೇ.

2015ರಲ್ಲಿ ವಿಜ್ಞಾನಿಗಳು ಗಾಳಿಬೋರೆಯ 1998ರಿಂದ 2012ರ ಲೆಕ್ಕ ತೆಗೆದು ನೋಡಿದರು. ಒಟ್ಟು ಮಹಶೀರ್ ಸಂಖ್ಯೆ ಏರಿತ್ತು. ಖುಷಿ ಪಡಬೇಕು ಅಲ್ವಾ? ಬಣ್ಣ ಬೇರೆ ಮಾಡಿ ನೋಡಿದರೆ, ಏರಿದ್ದೆಲ್ಲ ನೀಲಿ ರೆಕ್ಕೆ. ಕಿತ್ತಳೆ ರೆಕ್ಕೆ ಕುಸಿದು ಹೋಗಿತ್ತು. ಹಿಡಿಯುತ್ತಿದ್ದವೂ ದೊಡ್ಡವೇ, ಮರಿಗಳು ಕಾಣುತ್ತಿರಲಿಲ್ಲ. ಮನೆಯಲ್ಲಿ ಬರೀ ಮುದುಕರು ಉಳಿದ ಹಾಗೆ.

ಇನ್ನೂ ನಾಚಿಕೆಯ ಮಾತು: ನೂರಾರು ಫೋಟೋ ತೆಗೆಸಿಕೊಂಡ ಆ ಮೀನಿಗೆ ಖಚಿತ ವೈಜ್ಞಾನಿಕ ಹೆಸರೇ ಇರಲಿಲ್ಲ. 2018ರಲ್ಲಿ ಅದು 'ಟಾರ್ ರೆಮಾದೇವಿ' ಅಂತ ಗುರುತಾಯ್ತು. ಆ ಹೆಸರು 2007ರಲ್ಲೇ ಕೇರಳದ ಪಾಂಬಾರ್ ಹೊಳೆಯ ಮೀನಿಗೆ ಇಟ್ಟಿದ್ದು, ಪಾಂಬಾರ್ ಕೂಡ ಕಾವೇರಿ ಕಣಿವೆಯದ್ದೇ. ಹೆಸರು ಸಿಕ್ಕ ವರ್ಷವೇ ಕೆಂಪು ಪಟ್ಟಿಯಲ್ಲಿ 'ತೀವ್ರ ಅಳಿವಿನಂಚು'. ನಮ್ಮ ಟಾರ್ ಖುದ್ರೀ ಮಾತ್ರ ಅಳಿವಿನಂಚಿನಿಂದ 'ಕಡಿಮೆ ಆತಂಕ'ಕ್ಕೆ ಏರಿದೆ. ಪಟ್ಟಿಯಲ್ಲಿ ಈಗ ಅದೂ ಅಟ್ಲಾಂಟಿಕ್ ಬ್ಲೂಫಿನ್ನೂ ಒಂದೇ ಸಾಲು. ಪಟ್ಟಿ ಹೇಳೋದು ಇಡೀ ಜಾತಿಯ ಬಗ್ಗೆ, ಸಿರುಗುಪ್ಪದ ಹೊಳೆಯ ಬಗ್ಗೆ ಅಲ್ಲ.

ಭಾಗ 9

ಹಾಗಾದ್ರೆ ನಮ್ಮದೇ ಹೊಳೆಯಲ್ಲಿ ಮಹಶೀರ್ ನೋಡಬೇಕು ಅಂದ್ರೆ? ಶೃಂಗೇರಿಗೆ ಹೋಗ್ರಿ.

ಶಾರದಾಂಬೆಯ ಗುಡಿ ಹಿಂದೆ ತುಂಗೆಯ ಮೆಟ್ಟಿಲು ಇಳಿದರೆ, ಕಾಲ ಹತ್ತಿರ ಕರ್ರಗೆ ದಪ್ಪ ಮೀನುಗಳು ಮಂಡಕ್ಕಿಗೆ ಬಾಯಿ ತೆರೆದು ನಿಂತಿರ್ತಾವೆ. (ನಾವು ಒಗ್ಗರಣೆ ಹಾಕಿ ಮಿರ್ಚಿ ಜೊತೆ ತಿನ್ನೋ ಮಂಡಕ್ಕಿ, ಅಲ್ಲಿ ಮೀನಿನ ಪ್ರಸಾದ.) ಇನ್ನೂ ಕೆಳಗೆ ತೀರ್ಥಹಳ್ಳಿಯ ಚಿಪ್ಪಲಗುಡ್ಡೆಯಲ್ಲೂ ಮತ್ಸ್ಯಧಾಮ ಇದೆ. ಅದೇ ನೀರು ಕೂಡಲಿಯಲ್ಲಿ ಭದ್ರೆಯನ್ನು ಸೇರಿ, ಡ್ಯಾಂನಲ್ಲಿ ನಿಂತು, ಹಂಪಿ ಕಂಪ್ಲಿ ದಾಟಿ ಸಿರುಗುಪ್ಪಕ್ಕೆ ಬರುತ್ತೆ. ಮೇಲೆ ದೇವರು, ಕೆಳಗೆ ಹೊಳಿ ಮೀನು.

ಭಕ್ತಿ ಒಂದೇ ಸಾಕು ಅಂತ ಹೇಳೋ ಹಾಗೂ ಇಲ್ಲ. ಬೆಳ್ತಂಗಡಿ ತಾಲ್ಲೂಕಿನ ಶಿಶಿಲದಲ್ಲಿ ಕಪಿಲಾ ಹೊಳೆಯ ಮಹಶೀರ್‌ಗಳನ್ನು ಶಿಶಿಲೇಶ್ವರನ ಮೀನು ಅಂತ ತಲೆಮಾರುಗಳಿಂದ ಕಾಪಾಡಿದ್ದರು. 1996ರಲ್ಲಿ ಯಾರೋ ಹೊಳೆಗೆ ವಿಷ ಹಾಕಿದರು. ಸಾವಿರಾರು ಮೀನು ಸತ್ತವು. ಊರಿನವರು ಸತ್ತ ಮೀನುಗಳಿಗೆ ಒಂದು ಸ್ಮಾರಕ ಕಟ್ಟಿದ್ದಾರೆ. ಮೀನಿಗೆ ಸ್ಮಾರಕ. ಉಳಿದವುಗಳಿಂದ ಮತ್ತೆ ಹಿಂಡಾಗಿದೆ.

ಭಾಗ 10

ಕೊನೇ ಫೋಟೋ ಕಂಪ್ಲಿ ಹತ್ತಿರದ ಹೊಳೆ. ಬಂಡೆಗಳು, ಹರಿಗೋಲು.

ಡ್ಯಾಂ ಕೆಳಗೆ ಮುದ್ಲಾಪುರದಿಂದ ಕಂಪ್ಲಿವರೆಗೆ 34 ಕಿ.ಮೀ. ಹೊಳೆಯನ್ನು 2015ರಲ್ಲಿ ಸರ್ಕಾರ 'ತುಂಗಭದ್ರಾ ನೀರುನಾಯಿ ಸಂರಕ್ಷಿತ ಪ್ರದೇಶ' ಅಂತ ಘೋಷಿಸಿದೆ. ನೀರುನಾಯಿಗೆ ಅಂತ ಮಾಡಿದ್ದು. ಆದ್ರೆ ನೀರುನಾಯಿ ತಿನ್ನೋದು ಮೀನು, ಅದನ್ನ ಕೊಲ್ಲೋದೂ ಮೀನಿಗೆ ಹಾಕೋ ತೋಟೆಯೇ. ಹಾಗಾಗಿ ನಾಯಿಯ ಹೆಸರಲ್ಲಿ ಮೀನಿಗೂ 34 ಕಿ.ಮೀ. ಸಿಕ್ಕಿದೆ. ಕಂಪ್ಲಿ ದಾಟಿದ ಮೇಲೆ, ಸಿರುಗುಪ್ಪ ಕಡೆ, ಆ ಬೋರ್ಡ್ ಇಲ್ಲ.

ನಾನು ಹೋದಾಗ ಅಲ್ಲಿ ಹರಿಗೋಲಿನ ಒಬ್ಬ ಹಿರಿಯರು ಬಲೆ ಬಿಡಿಸುತ್ತಿದ್ದರು. ಕೆಳಗೆ ಬಿದ್ದಿದ್ದ ಏಳೆಂಟು ಮೀನಿಗೆ ಒಂದೊಂದಕ್ಕೂ ಒಂದೊಂದು ಹೆಸರು ಹೇಳಿದರು. ಮೂರು ನನಗೆ ಗೊತ್ತಿತ್ತು. ಉಳಿದವನ್ನು ಬರೆದುಕೊಳ್ಳೋಕೆ ಫೋನ್ ತೆಗೆಯೋದರೊಳಗೆ "ನಿಮ್ಮ ಪುಸ್ತಕದಾಗ ಇರ್ತಾವು ಬಿಡಪ್ಪ" ಅಂತ ನಕ್ಕರು. ಇಲ್ಲ ಯಜಮಾನ್ರೇ, ಇಲ್ಲ ಅಂದೆ.

ಅದಕ್ಕೇ ನಿಮ್ಮಿಂದ ಒಂದು ಕೆಲಸ. ಸಿರುಗುಪ್ಪ, ಕೆಂಚನಗುಡ್ಡ, ಕಂಪ್ಲಿ, ಕುರುಗೋಡು ಕಡೆ ಹೊಳೆ ಕಾಲುವೆ ಹತ್ತಿರ ಯಾರ ಮನೆ ಇದೆಯೋ, ಅಜ್ಜ ಅಜ್ಜಿಯನ್ನ ಕೇಳ್ರಿ: 1953ಕ್ಕಿಂತ ಮುಂಚೆ ಯಾವ ಮೀನು ಸಿಗ್ತಿತ್ತು, ಯಾವ ತಿಂಗಳಲ್ಲಿ, ನಿಮ್ಮೂರಲ್ಲಿ ಏನಂತ ಕರೀತಿದ್ರು? ಅವರದ್ದೇ ಮಾತಲ್ಲಿ ವಾಯ್ಸ್ ನೋಟ್ ಮಾಡಿ ಕಳಿಸ್ರಿ. ಊರ ಹೆಸರು, ಅವರ ವಯಸ್ಸು ಸೇರಿಸ್ರಿ. ಆಗ ಹತ್ತು ವರ್ಷದವರಾಗಿದ್ದವರಿಗೆ ಈಗ ಎಂಬತ್ತು ದಾಟಿದೆ. ಈ ಬೇಸಿಗೆ ರಜೆಯಲ್ಲೇ ಕೇಳ್ರಿ.

ನಮ್ಮಜ್ಜಿಯ ಎರಡು ಕೈ ಅಗಲದ್ದು ನನ್ನ ಪಟ್ಟಿಯ ಮೊದಲ ಸಾಲಲ್ಲಿ ಐತೆ. ಹೆಸರಿನ ಜಾಗ ಖಾಲಿ ಬಿಟ್ಟಿದೀನಿ.

#ತುಂಗಭದ್ರೆ #ಹೊಳಿಮೀನು #ನೀಲಿರೆಕ್ಕೆ #ಬಳ್ಳಾರಿ #ಸಿರುಗುಪ್ಪ #ಕುರುಗೋಡು